ಮರುಮಾತಿಗೆ ಕಾಯುವ ಮಗು

ಚಿಕ್ಕ ಮಗು ಇರುವ ಬಹುತೇಕ ಮನೆಗಳಲ್ಲಿ ಒಂದು ತಾಯಿ ಕಾರ್ಡ್ ಇರುತ್ತದೆ. ಪ್ಲಾಸ್ಟಿಕ್ ಕವರಿನೊಳಗೆ, ಬೀರುವಿನ ಮೇಲಿನ ಅರೆಯಲ್ಲಿ, ರೇಷನ್ ಕಾರ್ಡು ಮತ್ತು ಆಧಾರ್‌ಗಳ ಜೊತೆಗೆ. ಚುಚ್ಚುಮದ್ದಿನ ದಿನ ಅದು ಹೊರಗೆ ಬರುತ್ತದೆ. ನರ್ಸಮ್ಮ ತಾರೀಖು ಬರೆದು ಕೊಟ್ಟಮೇಲೆ ಮತ್ತೆ ಬೀರು ಸೇರುತ್ತದೆ. ಉಳಿದ ಪುಟಗಳನ್ನು ತಿರುವಿ ನೋಡಿದವರು ಕಡಿಮೆ. ಒಂದು ಕಡೆ ಹಸಿರು, ಹಳದಿ, ಕಿತ್ತಳೆ ಪಟ್ಟಿಗಳ ಮೇಲೆ ಮಗುವಿನ ತೂಕ ಗುರುತಿಸುವ ನಕ್ಷೆ ಇದೆ. ಇನ್ನೊಂದು ಕಡೆ ಯಾವ ತಿಂಗಳಿಗೆ ಮಗು ಏನೇನು ಮಾಡಬೇಕು, ಅದಕ್ಕೆ ಮನೆಯವರು ಏನು ಮಾಡಬೇಕು ಎಂಬುದು ಚಿತ್ರಸಮೇತ ಇದೆ. ತೂಕದ ನಕ್ಷೆಯನ್ನು ಅಂಗನವಾಡಿಯವರು ನೋಡಿಕೊಳ್ಳುತ್ತಾರೆ. ಎರಡನೆಯದನ್ನು ನೋಡಬೇಕಾದವರು ನಾವು.

ನೋಡಿದರೆ ಆಶ್ಚರ್ಯವೇ ಆಗುತ್ತದೆ, ಏಕೆಂದರೆ ಅಲ್ಲಿ ದುಡ್ಡು ಕೊಟ್ಟು ತರಬೇಕಾದ್ದು ಬಹುಪಾಲು ಏನೂ ಇಲ್ಲ. ಮಗುವಿನ ಮುಖ ನೋಡಿ ಮಾತಾಡಿ, ಅದು ನಕ್ಕರೆ ನಗಿ, ಮುಚ್ಚಿಟ್ಟ ವಸ್ತುವನ್ನು ಹುಡುಕಿಸಿ, ಹೆಸರು ಹಿಡಿದು ಕರೆಯಿರಿ. ಇಷ್ಟೇ. ‘ಬುದ್ಧಿ ಚುರುಕಾಗುವ’ ಆಟಿಕೆ, ಎರಡು ವರ್ಷದ ಮಕ್ಕಳಿಗೆ ಗಣಿತದ ಆ್ಯಪ್, ಗರ್ಭದಲ್ಲಿರುವಾಗಲೇ ಕೇಳಿಸುವ ಸಂಗೀತದ ಪ್ಯಾಕೇಜು ಎಂದೆಲ್ಲ ಮಾರುವವರಿಗೆ ಈ ಪುಟ ಇಷ್ಟವಾಗಲಿಕ್ಕಿಲ್ಲ. ಆರು ವರ್ಷದೊಳಗಿನ ಮಗುವಿಗೆ ಮನೆಯವರಿಂದ ಬೇಕಾದ ಮುಖ್ಯ ಸಂಗತಿ ಮರುಮಾತು ಎಂಬುದು ನನ್ನ ನಂಬಿಕೆ. ಅದು ‘ಊಂ’ ಎಂದರೆ ಯಾರಾದರೂ ‘ಏನಮ್ಮಾ’ ಎನ್ನಬೇಕು. ಊಟ, ನಿದ್ದೆ, ಆಟ, ಹಠ ಎಲ್ಲದರಲ್ಲೂ ಈ ಒಂದೇ ಎಳೆ ಓಡುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ಕೆಲವೇ ತಿಂಗಳ ಮಗುವನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ತಾಯಿಯನ್ನು ಕೂರಿಸಿದರು. ಮೊದಲು ತಾಯಿ ಎಂದಿನಂತೆ ಆಡಿಸುತ್ತಾಳೆ. ಆಮೇಲೆ ಎರಡು ಮೂರು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ಮನೆ ನೋಡುತ್ತಾ ಕೂರುತ್ತಾಳೆ. ಮಗುವಿಗೆ ಕೂಡಲೇ ಗೊತ್ತಾಗುತ್ತದೆ. ನಗುತ್ತದೆ, ಕೈ ಚಾಚುತ್ತದೆ, ಕೂಗಿ ಕರೆಯುತ್ತದೆ. ಏನು ಮಾಡಿದರೂ ಅಮ್ಮನ ಮುಖ ಕದಲದಿದ್ದಾಗ ಮುಖ ತಿರುಗಿಸುತ್ತದೆ, ಕುಗ್ಗಿ ಕೂರುತ್ತದೆ, ಅಳುತ್ತದೆ. ಮಾತೇ ಬಾರದ ಕೂಸು ಉತ್ತರಕ್ಕೆ ಹೀಗೆ ಕಾಯುತ್ತದೆ ಎಂಬುದು ಆಗ ಅನೇಕರಿಗೆ ಹೊಸ ವಿಷಯವಾಗಿತ್ತು. ನಮ್ಮ ಅಜ್ಜಿಯರನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದರೇನೋ!

ಈಗಿನ ಮನೆಗಳಲ್ಲಿ ಈ ಪ್ರಯೋಗ ದಿನಕ್ಕೆ ಹತ್ತಾರು ಸಲ ನಡೆಯುತ್ತದೆ, ಯಾರೂ ಬೇಕೆಂದು ಮಾಡುವುದಿಲ್ಲ ಅಷ್ಟೇ. ಮೊಬೈಲ್ ನೋಡುವವರ ಮುಖವನ್ನು ಒಮ್ಮೆ ಪಕ್ಕದಿಂದ ಗಮನಿಸಿ. ಮಕ್ಕಳ ಸ್ಕ್ರೀನ್ ಟೈಮ್ ಬಗ್ಗೆ ಇಷ್ಟೆಲ್ಲ ಚರ್ಚೆ ಮಾಡುವ ನಾವು ಅಪ್ಪ ಅಮ್ಮಂದಿರ ಸ್ಕ್ರೀನ್ ಟೈಮ್ ಬಗ್ಗೆ ಮಾತೆತ್ತುವುದು ಕಡಿಮೆ.

ಹಾಗೆಂದು ಮಗುವಿನ ಒಂದೊಂದು ಉಸಿರಿಗೂ ಓಗೊಡಬೇಕೆಂದು ಯಾರೂ ಗಾಬರಿಯಾಗಬೇಕಿಲ್ಲ. ಚೆನ್ನಾಗಿ ಹೊಂದಿಕೊಂಡ ತಾಯಿ–ಮಗುವಿನ ನಡುವೆಯೂ ಹೊತ್ತಿನ ಸುಮಾರು ಮೂರನೇ ಒಂದು ಪಾಲು ಮಾತ್ರ ತಾಳ ಕೂಡಿರುತ್ತದೆ ಎಂದು ಅದೇ ಟ್ರಾನಿಕ್ ಹೇಳುತ್ತಾರೆ. ಮಿಕ್ಕ ಹೊತ್ತು ತಾಳ ತಪ್ಪುತ್ತದೆ, ಮತ್ತೆ ಕೂಡುತ್ತದೆ. ಹಾಗೆ ತಪ್ಪಿ ಕೂಡುವುದರಲ್ಲೇ ಮಗು ಕಲಿಯುತ್ತದೆ. ಬೆಳಿಗ್ಗೆ ಡಬ್ಬಿ ಕಟ್ಟಿ, ಬಸ್ಸು ಹಿಡಿದು, ಸಂಜೆ ಸುಸ್ತಾಗಿ ಬರುವ ತಾಯಂದಿರು ಈ ಸಾಲನ್ನು ಎರಡು ಸಲ ಓದಿಕೊಳ್ಳಲಿ.

ಮರುಮಾತು ಎಂದರೆ ಪಾಠ ಹೇಳುವುದಲ್ಲ. ಅಜ್ಜಿಯೊಬ್ಬರು ಜಗಲಿಯಲ್ಲಿ ದಂಟಿನ ಸೊಪ್ಪು ಬಿಡಿಸುತ್ತಾ ಕೂತಿದ್ದಾರೆ ಎನ್ನಿ. ಒಂದೂವರೆ ವರ್ಷದ ಮೊಮ್ಮಗಳು ಬಂದು ಒಂದು ಎಲೆ ಎತ್ತಿ ‘ತಾ’ ಎನ್ನುತ್ತಾಳೆ. ‘ಸೊಪ್ಪಾ? ಸೊಪ್ಪು ಬೇಕಾ ನಿಂಗೆ? ತಗೋ, ಇದು ದೊಡ್ಡೆಲೆ. ಅಯ್ಯೋ, ಇದರಲ್ಲಿ ಹುಳ ಇದೆ ನೋಡು, ಹುಳ!’ ಮಗು ‘ಉಳ’ ಎನ್ನುತ್ತದೆ. ‘ಹೂಂ ಕಣೇ, ಹುಳ. ಅದಕ್ಕೂ ಸೊಪ್ಪು ಇಷ್ಟ. ಆಚೆ ಬಿಡೋಣ್ವಾ?’ ಅರ್ಧ ನಿಮಿಷದ ಮಾತು. ಅಷ್ಟರಲ್ಲಿ ಹೊಸ ಪದ ಬಂತು, ಸಣ್ಣದು ದೊಡ್ಡದು ಬಂತು, ಪ್ರಶ್ನೆ ಬಂತು, ಹುಳದ ಮೇಲೆ ಕರುಣೆಯೂ ಬಂತು. ಮಗು ಹೇಳಿದ್ದನ್ನು ಎತ್ತಿಕೊಂಡು, ಅದಕ್ಕೆ ಒಂದೆರಡು ಮಾತು ಸೇರಿಸಿ ಅಜ್ಜಿ ವಾಪಸು ಕೊಟ್ಟರು. ವಾಕ್ ತಜ್ಞರು ತಂದೆ ತಾಯಿಯನ್ನು ಕುಳ್ಳಿರಿಸಿಕೊಂಡು ಕಲಿಸಿಕೊಡುವುದೂ ಇದನ್ನೇ. ಯೂಟ್ಯೂಬಿನ ಹಾಡಿಗೆ ಇದು ಆಗದು. ಮಗು ‘ಉಳ’ ಎಂದರೂ, ಎನ್ನದಿದ್ದರೂ ಅದು ತನ್ನ ಪಾಡಿಗೆ ಮುಂದಕ್ಕೆ ಓಡುತ್ತಿರುತ್ತದೆ.

ಇಲ್ಲೇ ಇನ್ನೊಂದು ಮಾತು. ಮನೆಯಲ್ಲೆಲ್ಲ ಕನ್ನಡವೋ ತುಳುವೋ ಉರ್ದುವೋ ಆಡುತ್ತಾ, ಮಗುವಿನ ಹತ್ತಿರ ಮಾತ್ರ ‘ಬೇಬಿ, ಕಮ್, ಈಟ್, ನೋ ಟಚ್’ ಎನ್ನುವ ಅಪ್ಪ ಅಮ್ಮಂದಿರು ಹೆಚ್ಚಾಗಿದ್ದಾರೆ. ಸ್ಕೂಲಿನ ಇಂಟರ್‌ವ್ಯೂಗೆ ತಯಾರಿಯಂತೆ. ಹೀಗೆ ಮಾತಾಡುವಾಗ ಬರುವುದು ಬರೀ ಅಪ್ಪಣೆಗಳು. ಹರಟೆ, ಕಥೆ, ತಮಾಷೆ ಬರುವುದಿಲ್ಲ. ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲಿ ಮಗುವಿನೊಂದಿಗೆ ಧಾರಾಳವಾಗಿ ಮಾತಾಡಿ. ಅಜ್ಜಿ ತುಳು, ಅಮ್ಮ ಕನ್ನಡ, ಪಕ್ಕದ ಮನೆಯವರು ತಮಿಳು ಆದರೂ ಚಿಂತೆಯಿಲ್ಲ. ಎರಡು ಮೂರು ಭಾಷೆ ಕೇಳಿದರೆ ಮಾತು ಕೆಡುತ್ತದೆ ಎಂಬುದು ಹಳೆಯ ತಪ್ಪುಕಲ್ಪನೆ.

ಇನ್ನು ಊಟದ ವಿಷಯ. ಯಾವ ದರ್ಶಿನಿಗೆ ಹೋದರೂ, ಯಾವ ಮದುವೆಯ ಪಂಕ್ತಿಯಲ್ಲಿ ಕೂತರೂ ಒಂದು ನೋಟ ತಪ್ಪುವುದಿಲ್ಲ: ನೀರಿನ ಬಾಟಲಿಗೆ ಒರಗಿಸಿಟ್ಟ ಫೋನು, ಅದರ ಮುಂದೆ ಬಾಯಿ ತೆರೆದ ಮಗು, ತುತ್ತು ತುರುಕುತ್ತಿರುವ ಅಮ್ಮ. ತಟ್ಟೆ ಖಾಲಿಯಾಗುತ್ತದೆ ನಿಜ. ಆದರೆ ಆ ಮಗು ಏನು ತಿಂದಿತು, ಹೊಟ್ಟೆ ಯಾವಾಗ ತುಂಬಿತು ಎಂಬುದು ಅದಕ್ಕೇ ತಿಳಿಯುವುದಿಲ್ಲ. ‘ಸಾಕು’ ಎಂದು ಮುಖ ತಿರುಗಿಸುವುದೂ ಮಗುವಿನ ಒಂದು ಮಾತೇ. ಅದಕ್ಕೂ ಉತ್ತರ ಸಿಗಬೇಕು. ಏನು ಬಡಿಸಬೇಕು, ಎಷ್ಟು ಹೊತ್ತಿಗೆ ಬಡಿಸಬೇಕು ಎಂಬುದು ದೊಡ್ಡವರ ತೀರ್ಮಾನ; ಎಷ್ಟು ತಿನ್ನಬೇಕು ಎಂಬುದನ್ನು ಮಗುವಿಗೆ ಬಿಡಿ. ನೆಲಕ್ಕೆ ಚೆಲ್ಲಿದರೆ ಒರೆಸಿಕೊಳ್ಳಬಹುದು. ಚಂದಮಾಮನನ್ನು ತೋರಿಸಿ ತಿನ್ನಿಸುವುದೂ ಇದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಚಂದ್ರನನ್ನು ತೋರಿಸುವಾಗ ತೋರಿಸುವವರೂ ಮಾತಾಡುತ್ತಿರುತ್ತಾರೆ, ಮಗುವೂ ಏನೋ ಹೇಳುತ್ತಿರುತ್ತದೆ. ವ್ಯತ್ಯಾಸ ಅಲ್ಲಿದೆ.

ಏನು ತಿನ್ನಬೇಕು ಎಂಬಲ್ಲಿ ಕರ್ನಾಟಕದ ಲೆಕ್ಕ ಹೆಮ್ಮೆಪಡುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನವರಲ್ಲಿ ಶೇ 35.4 ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಇದು ಬಡವರ ಮನೆಯ ಸಮಸ್ಯೆ ಎಂದು ಪುಟ ತಿರುಗಿಸಬೇಡಿ. ಕಬ್ಬಿಣದ ಅಂಶ ಸಾಲದ ಮಗು ಬೇಗ ದಣಿಯುತ್ತದೆ, ಕಿರಿಕಿರಿ ಮಾಡುತ್ತದೆ, ಆಟಕ್ಕೆ ಬರುವುದಿಲ್ಲ, ಕಲಿಕೆಯಲ್ಲೂ ಹಿಂದೆ ಬೀಳುತ್ತದೆ. ನಾವು ಅದನ್ನು ಮಗುವಿನ ‘ಸ್ವಭಾವ’ ಎಂದುಕೊಳ್ಳುತ್ತೇವೆ.

ಅನುಕೂಲಸ್ಥರ ಮನೆಯಲ್ಲಿ ಇದಕ್ಕೆ ಒಂದು ಕಾರಣ ಹಾಲು ಎಂದರೆ ನಂಬುವುದು ಕಷ್ಟ. ಊಟ ಮಾಡದ ಮಗುವಿಗೆ ‘ಹಾಲಾದರೂ ಕುಡೀಲಿ’ ಎಂದು ದಿನಕ್ಕೆ ನಾಲ್ಕೈದು ಲೋಟ ಕೊಡುತ್ತೇವೆ. ಹಾಲಿನಲ್ಲಿ ಕ್ಯಾಲ್ಸಿಯಂ ಇದೆ, ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಹೊಟ್ಟೆ ತುಂಬಿದ ಮಗುವಿಗೆ ಮುದ್ದೆ, ಬೇಳೆ, ಸೊಪ್ಪು, ಮೊಟ್ಟೆ ಬೇಡವಾಗುತ್ತದೆ. ಬೆಳಿಗ್ಗೆ ಚಹಾದಲ್ಲಿ ಬಿಸ್ಕತ್ತು ಅದ್ದಿ ತಿನ್ನಿಸುವ ರೂಢಿ ಇನ್ನೊಂದು. ಚಹಾ ಊಟದಲ್ಲಿನ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. ಆರು ತಿಂಗಳ ತನಕ ಎದೆಹಾಲು ಮಾತ್ರ, ನೀರೂ ಬೇಡ. ಆಮೇಲೆ ಎದೆಹಾಲಿನ ಜೊತೆಗೇ ಮೊಳಕೆ ಕಟ್ಟಿದ ರಾಗಿಯ ಸರಿ, ಕರಾವಳಿಯಾದರೆ ರಾಗಿ ಮಣ್ಣಿ, ನುಣ್ಣಗೆ ಮಸೆದ ಅನ್ನ ಬೇಳೆ, ತರಕಾರಿ, ತಿನ್ನುವ ಮನೆಯಾದರೆ ಮೊಟ್ಟೆ, ಮೀನು. ಸೊಪ್ಪಿನ ಸಾರಿಗೆ ಎರಡು ಹನಿ ನಿಂಬೆರಸ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ವಾರಕ್ಕೆ ಎರಡು ಸಲ ಒಂದೊಂದು ಮಿಲಿ ಲೀಟರ್ ಕೊಡಲೆಂದು ಆಶಾ ಕಾರ್ಯಕರ್ತೆ ತಂದುಕೊಡುವ ಕಬ್ಬಿಣದ ಸಿರಪ್ಪು ಎಷ್ಟೋ ಮನೆಗಳ ಕಿಟಕಿಯಲ್ಲಿ ಬಿರಡೆ ತೆಗೆಯದೆ ಕೂತಿರುತ್ತದೆ. ಕೊಟ್ಟರೆ ಮಲ ಕಪ್ಪಾಗಬಹುದು, ಹೆದರಬೇಕಿಲ್ಲ.

ಬಾಣಂತನದ ಪದ್ಧತಿಗಳನ್ನು ಪೂರಾ ತಳ್ಳಿಹಾಕುವವರ ಗುಂಪಿಗೆ ನಾನು ಸೇರುವವಳಲ್ಲ. ಎಣ್ಣೆ ಹಚ್ಚಿ, ಕಾಲು ನೀಡಿ, ಅದರ ಮೇಲೆ ಕೂಸನ್ನು ಮಲಗಿಸಿಕೊಂಡು ನೀರೆರೆಯುವ ಹೆಂಗಸು ಅಷ್ಟು ಹೊತ್ತೂ ಅದರ ಜೊತೆ ಮಾತಾಡುತ್ತಿರುತ್ತಾಳೆ. ಆ ಸ್ಪರ್ಶಕ್ಕೂ ಮಾತಿಗೂ ಬೆಲೆ ಕಟ್ಟಲಾಗದು. ಆದರೆ ಮೂಗು ಕಿವಿಗೆ ಎಣ್ಣೆ ಬಿಡುವುದು, ಕಣ್ಣಿಗೆ ಕಾಡಿಗೆ ತೀಡುವುದು ನಿಲ್ಲಬೇಕು. ದೃಷ್ಟಿಬೊಟ್ಟನ್ನು ಕೆನ್ನೆಗೆ ಇಡಿ, ಯಾರೂ ಬೇಡ ಅನ್ನುವುದಿಲ್ಲ. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವುದಂತೂ ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ. ಜೇನಿನಲ್ಲಿ ಇರಬಹುದಾದ ಬೊಟುಲಿನಮ್ ಬ್ಯಾಕ್ಟೀರಿಯಾದ ಬೀಜಕಣಗಳನ್ನು ಎಳೆಗೂಸಿನ ಕರುಳು ತಡೆದುಕೊಳ್ಳಲಾರದು.

ಎರಡರ ಆಸುಪಾಸಿಗೆ ಹಠದ ಕಾಲ ಶುರು. ಜಾತ್ರೆಯಲ್ಲಿ ಬಲೂನಿನವನ ಮುಂದೆ ಮಣ್ಣಿನಲ್ಲಿ ಬಿದ್ದು ಹೊರಳುವ ಮಗುವನ್ನು ಸುತ್ತ ನಿಂತವರೆಲ್ಲ ನೋಡುತ್ತಾರೆ. ನೋಡುವುದು ಮಗುವನ್ನಲ್ಲ, ಅದರ ಅಮ್ಮನನ್ನು. ಅಲ್ಲಿಗೆ ಮರ್ಯಾದೆ ಹೋಯಿತು ಎಂದುಕೊಂಡ ಅಮ್ಮ ಒಂದೋ ಹೊಡೆಯುತ್ತಾಳೆ, ಇಲ್ಲವೋ ಬಲೂನು ಕೊಡಿಸಿ ಬಾಯಿ ಮುಚ್ಚಿಸುತ್ತಾಳೆ. ಎರಡೂ ಮಗುವಿಗೆ ತಪ್ಪು ಉತ್ತರ. ಆ ವಯಸ್ಸಿನಲ್ಲಿ ಆಸೆ ಹುಟ್ಟುವ ವೇಗಕ್ಕೆ ಅದನ್ನು ಹತ್ತಿಕ್ಕುವ ಶಕ್ತಿ ಮಿದುಳಿನಲ್ಲಿ ಬೆಳೆದಿರುವುದಿಲ್ಲ, ಹೇಳಿಕೊಳ್ಳಲು ಮಾತೂ ಸಾಲದು. ‘ಬಲೂನು ಬೇಕಿತ್ತು, ಸಿಗ್ಲಿಲ್ಲ, ಸಿಟ್ಟು ಬಂತು ಅಲ್ವಾ’ ಎಂದು ಅದರ ಪರವಾಗಿ ನೀವೇ ಹೇಳಿ. ಪಕ್ಕದಲ್ಲಿ ಕೂತುಕೊಳ್ಳಿ, ಎತ್ತಿಕೊಳ್ಳಲು ಬಿಟ್ಟರೆ ಎತ್ತಿಕೊಳ್ಳಿ. ಬಲೂನು ಮಾತ್ರ ಬೇಡ ಎಂದಿದ್ದರೆ ಬೇಡವೇ. ಸಿಟ್ಟಿಗೆ ಸಮಾಧಾನ ಉಂಟು, ಬೇಡಿಕೆಗೆ ಇಲ್ಲ ಎಂಬುದು ಹತ್ತು ಹದಿನೈದು ಜಾತ್ರೆಯೊಳಗೆ ಗೊತ್ತಾಗುತ್ತದೆ! ಆದರೆ ಅಮ್ಮ ಬೇಡ ಎಂದದ್ದನ್ನು ಅಪ್ಪ ಹಿತ್ತಿಲಿನಿಂದ ತಂದುಕೊಡುವ ಮನೆಯಲ್ಲಿ ಇದು ನಡೆಯುವುದಿಲ್ಲ.

ಹೆದರಿಸಿ ಸುಮ್ಮನಾಗಿಸುವುದು ನಮ್ಮಲ್ಲಿ ಪುರಾತನ. ಪುರಂದರದಾಸರ ಪದದಲ್ಲಿ ಬಾಲಕೃಷ್ಣನಿಗೂ ಗುಮ್ಮನ ಭಯ ಇತ್ತು. ಈಗ ಗುಮ್ಮನ ಜಾಗಕ್ಕೆ ಪೊಲೀಸ್, ‘ಡಾಕ್ಟರ್ ಹತ್ರ ಇಂಜೆಕ್ಷನ್ ಕೊಡಿಸ್ತೀನಿ’, ‘ಬಿಟ್ಟು ಹೋಗ್ತೀನಿ ನೋಡು’ ಬಂದಿವೆ. ಗುಮ್ಮನೇ ವಾಸಿ ಎನ್ನಬೇಕು, ಅವನು ಎಂದೂ ಎದುರಿಗೆ ಬರುವುದಿಲ್ಲ. ಕಳೆದುಹೋದಾಗ ಪೊಲೀಸರ ಹತ್ತಿರ ಹೋಗಬೇಕಾದ, ಜ್ವರ ಬಂದಾಗ ಡಾಕ್ಟರ ಮುಂದೆ ಕೂರಬೇಕಾದ ಮಗುವಿಗೆ ಅವರ ಮೇಲೇ ಭಯ ಹುಟ್ಟಿಸಿದರೆ ಕಷ್ಟ ನಮಗೇ. ಬಿಟ್ಟುಹೋಗುತ್ತೇನೆ ಎಂಬ ಮಾತನ್ನಂತೂ ಮೂರು ವರ್ಷದ ಮಗು ಅಕ್ಷರಶಃ ನಂಬುತ್ತದೆ.

ಆಟಕ್ಕೆ ಬರೋಣ. ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಟ್ಟು 180 ನಿಮಿಷವಾದರೂ ಮೈ ಆಡಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಎರಡು ವರ್ಷದೊಳಗೆ ಪರದೆ ಬೇಡ, ನಾಲ್ಕರವರೆಗೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂಬುದೂ ಅದರಲ್ಲೇ ಇದೆ. ಮೂರು ಗಂಟೆ ಆಡಿಸಲು ನಮಗೆ ಪುರುಸೊತ್ತೆಲ್ಲಿ ಎನ್ನಬೇಡಿ. ಮಗುವನ್ನು ಮನೆಗೆಲಸಕ್ಕೆ ಸೇರಿಸಿಕೊಳ್ಳಿ. ಒಣಗಿದ ಬಟ್ಟೆಯಲ್ಲಿ ಕಾಲುಚೀಲದ ಜೋಡಿ ಹುಡುಕುವುದು, ಚಪಾತಿ ಹಿಟ್ಟಿನ ಒಂದು ಉಂಡೆ ತಟ್ಟುವುದು, ಬಾಗಿಲ ಮುಂದೆ ನೀರು ಚಿಮುಕಿಸುವುದು, ರಂಗೋಲಿ ಪುಡಿಯಲ್ಲಿ ಏನೋ ಗೀಚುವುದು, ಪಾತ್ರೆಗೆ ಸರಿಹೊಂದುವ ಮುಚ್ಚಳ ಹುಡುಕುವುದು, ಇವೆಲ್ಲ ಕೈಬೆರಳಿನ ಕಸರತ್ತೂ ಹೌದು, ಲೆಕ್ಕದ ಪಾಠವೂ ಹೌದು. ಕೆಲಸ ತಡವಾಗುತ್ತದೆ, ಅದು ಗೊತ್ತಿದ್ದದ್ದೇ. ಕಡಲೆಬೀಜ, ಹುರಿಗಡಲೆ, ನಾಣ್ಯ, ಗುಂಡಿಯಂಥ ಬ್ಯಾಟರಿ ಇವನ್ನು ಮಾತ್ರ ಕೈಗೆಟಕದಂತೆ ಇಡಿ. ಗಂಟಲಲ್ಲಿ ಸಿಕ್ಕಿಕೊಂಡು ಪ್ರಾಣಕ್ಕೆ ಬರುತ್ತದೆ. ವಾಕರ್ ತರಬೇಡಿ. ಅದು ನಡಿಗೆ ಕಲಿಸುವುದಿಲ್ಲ, ಮೆಟ್ಟಿಲಿನಿಂದ ಉರುಳಿಸುತ್ತದೆ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿದೆ.

ಇಷ್ಟೆಲ್ಲ ಆಡಬೇಕಾದ ಮೂರೂವರೆ ವರ್ಷದ ಮಗು ಎಲ್‌ಕೆಜಿಯಲ್ಲಿ ಕೂತು ನಾಲ್ಕು ಗೆರೆಯ ಪುಸ್ತಕದಲ್ಲಿ ‘ಎ’ ತೀಡುತ್ತಿದೆ. ಅದರ ಮಣಿಕಟ್ಟಿನ ಮೂಳೆಗಳು, ಬೆರಳಿನ ಸ್ನಾಯುಗಳು ಇನ್ನೂ ಬಲಿಯಬೇಕು. ಸಾಲು ನೆಟ್ಟಗಿಲ್ಲ ಎಂದು ಮನೆಗೆ ಚೀಟಿ ಬರುತ್ತದೆ, ಸಂಜೆಗೆ ಟ್ಯೂಷನ್ನು! ರಾಷ್ಟ್ರೀಯ ಶಿಕ್ಷಣ ನೀತಿ 2020 ಮೂರರಿಂದ ಎಂಟು ವರ್ಷದವರೆಗಿನದನ್ನು ಒಂದೇ ಬುನಾದಿ ಹಂತವೆಂದು ಕರೆದು, ಅದು ಆಟದ ಮೂಲಕವೇ ನಡೆಯಬೇಕು ಎನ್ನುತ್ತದೆ. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು ಎಂಬ ನಿಯಮಕ್ಕೆ ಅತಿ ಹೆಚ್ಚು ಗಲಾಟೆ ಮಾಡಿದವರು ‘ನಮ್ಮ ಮಗುವಿಗೆ ಒಂದು ವರ್ಷ ಹಾಳಾಗುತ್ತದೆ’ ಎಂದ ಪೋಷಕರೇ. ಆಡಿದ ವರ್ಷ ಹಾಳಾದ ವರ್ಷ ಹೇಗಾಗುತ್ತದೋ ನನಗೆ ಅರ್ಥವಾಗಿಲ್ಲ.

ಅಂಗನವಾಡಿ ಎಂದರೆ ಮೂಗು ಮುರಿಯುವವರಿಗೆ ಒಂದು ಸಂಗತಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗವಾಗಿ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಐವತ್ತು ವರ್ಷ ದಾಟಿದ ಆ ವ್ಯವಸ್ಥೆಯಲ್ಲಿ ಕುಂದುಕೊರತೆ ಬೇಕಾದಷ್ಟಿವೆ. ಆದರೆ ಚೆನ್ನಾಗಿ ನಡೆಯುವ ಅಂಗನವಾಡಿಯಲ್ಲಿ ಮಗು ಹಾಡುತ್ತದೆ, ಅಭಿನಯಿಸುತ್ತದೆ, ಬೇರೆ ಮಕ್ಕಳ ಜೊತೆ ಕೂತು ಬಿಸಿಯಾಗಿ ಉಣ್ಣುತ್ತದೆ. ಟೀಚರಮ್ಮನಿಗೆ ಅದರ ಅಜ್ಜನ ಹೆಸರೂ ಗೊತ್ತಿರುತ್ತದೆ. ಗೆರೆಪುಸ್ತಕದ ಶಾಲೆಗಿಂತ ಇದು ಎಷ್ಟೋ ಮೇಲು.

ನಿದ್ದೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೆರಡು ವರ್ಷದವರಿಗೆ ಹಗಲಿನದೂ ಸೇರಿ 11ರಿಂದ 14 ಗಂಟೆ, ಮೂರು ನಾಲ್ಕರವರಿಗೆ 10ರಿಂದ 13. ರಾತ್ರಿ ಹತ್ತರ ಧಾರಾವಾಹಿ ಮುಗಿಯುವವರೆಗೆ ಹಾಲ್‌ನಲ್ಲಿ ದೀಪ ಉರಿಯುವ ಮನೆಯಲ್ಲಿ ಈ ಲೆಕ್ಕ ಕೂಡುವುದಿಲ್ಲ. ದೀಪ ಆರಿಸಿ, ದಿನವೂ ಅದೇ ಹೊತ್ತಿಗೆ, ಒಂದು ಕಥೆ ಹೇಳಿ. ಹೊಸ ಕಥೆ ಬರದಿದ್ದರೆ ನಿನ್ನೆಯದೇ ಸಾಕು, ಮಗುವಿಗೂ ಅದೇ ಬೇಕಾಗಿರುತ್ತದೆ.

ಇಲ್ಲಿಯ ತನಕ ಓದಿದ ಅಮ್ಮಂದಿರು ‘ಇದನ್ನೆಲ್ಲ ಮಾಡಬೇಕಾದವಳು ನಾನೇ ತಾನೇ’ ಎಂದುಕೊಂಡಿದ್ದರೆ ಅದು ನ್ಯಾಯವೇ. ಮಕ್ಕಳ ಪಾಲನೆ ಎಂದು ಬರೆದದ್ದೆಲ್ಲ ಕೊನೆಗೆ ಹೆಂಗಸಿನ ತಲೆಗೆ ಹೊರಿಸಿದ ಇನ್ನೊಂದು ಮೂಟೆಯಾಗುತ್ತದೆ. ನೀರೆರೆಯುವುದು, ಉಣ್ಣಿಸುವುದು, ಅಂಡು ತೊಳೆಯುವುದು, ಮಲಗಿಸುವುದು ಇವುಗಳಲ್ಲಿ ಎರಡನ್ನಾದರೂ ಅಪ್ಪ ಖಾಯಂ ಆಗಿ ವಹಿಸಿಕೊಂಡರೆ ಮಗುವಿಗೆ ಮಾತಾಡಲು ಇನ್ನೊಬ್ಬರು ಸಿಕ್ಕಂತೆ. ‘ಹೆಲ್ಪ್ ಮಾಡ್ತೀನಿ’ ಎನ್ನುವುದು ಬೇಡ, ಮಗು ಅವನದೂ ಹೌದು. ಹೆರಿಗೆಯಾದ ಮೇಲೆ ಎರಡು ವಾರ ಮೀರಿಯೂ ಕಾರಣವಿಲ್ಲದೆ ಅಳುವ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದ ಬಾಣಂತಿಗೆ ಸೊಕ್ಕು ಎನ್ನಬೇಡಿ. ಅದು ಖಿನ್ನತೆ, ಚಿಕಿತ್ಸೆಯಿಂದ ಗುಣವಾಗುತ್ತದೆ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುವಿಹಾರ ಇರಲೇಬೇಕೆಂಬುದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆಯಿಂದ ಬಂದ ನಿಯಮ. ನಿಮ್ಮ ಗಾರ್ಮೆಂಟ್ಸ್‌ನಲ್ಲೋ ಆಫೀಸಿನಲ್ಲೋ ಇಲ್ಲದಿದ್ದರೆ ನಾಲ್ಕು ಜನ ಸೇರಿ ಕೇಳಿ.

ಕೊನೆಯದಾಗಿ, ಎಷ್ಟು ಮಾತಾಡಿಸಿದರೂ ಮರುಮಾತು ಬಾರದ ಮಕ್ಕಳ ವಿಷಯ. ಎಲ್ಲ ಮಕ್ಕಳೂ ಒಂದೇ ದಿನ ನಡೆಯುವುದಿಲ್ಲ, ಒಂದೇ ದಿನ ಮಾತಾಡುವುದಿಲ್ಲ, ನಿಜ. ಆದರೂ ಕೆಲವು ಗಡಿಗಳಿವೆ. ಜೋರು ಸದ್ದಿಗೆ ಬೆಚ್ಚದ ಕೂಸು, ಒಂದು ವರ್ಷವಾದರೂ ಹೆಸರು ಕರೆದರೆ ತಿರುಗದ, ಬೇಕಾದ್ದನ್ನು ಬೆರಳು ಮಾಡಿ ತೋರಿಸದ ಮಗು, ಒಂದೂವರೆ ವರ್ಷಕ್ಕೂ ನಡೆಯದ, ಒಂದೂ ಪದ ಆಡದ ಮಗು, ಎರಡು ವರ್ಷಕ್ಕೆ ‘ಅಮ್ಮ ಬಾ’, ‘ಹಾಲು ಕೊಡು’ ಎಂದು ಎರಡು ಪದ ಕೂಡಿಸದ ಮಗು, ಬಂದ ಮಾತು ನಿಂತುಹೋದ ಯಾವ ವಯಸ್ಸಿನ ಮಗುವೇ ಆಗಲಿ, ಇವರನ್ನು ತೋರಿಸಲೇಬೇಕು. ಮೊದಲು ಶ್ರವಣ ಪರೀಕ್ಷೆ. 1965ರಲ್ಲಿ ಶುರುವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಇದೇ ಕೆಲಸ. ಅಷ್ಟು ದೂರ ಆಗದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಶೀಘ್ರ ಮಧ್ಯಸ್ಥಿಕೆ ಕೇಂದ್ರ ಎಲ್ಲಿದೆ ಎಂದು ವಿಚಾರಿಸಿ. ದಾರಿ ಅಂಗನವಾಡಿ ಟೀಚರಿಗೂ ಗೊತ್ತಿರುತ್ತದೆ. ‘ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು, ಇನ್ನಾರು ತಿಂಗಳು ನೋಡೋಣ’ ಎನ್ನುವ ಅಜ್ಜಿ ಮನೆಯಲ್ಲಿದ್ದರೆ ಜಗಳ ಬೇಡ, ಅವರನ್ನೂ ಕರೆದುಕೊಂಡೇ ಹೋಗಿ. ಏನೂ ಇಲ್ಲ ಎಂದರೆ ಖರ್ಚಾದದ್ದು ಬಸ್ ಚಾರ್ಜು ಮಾತ್ರ; ಏನಾದರೂ ಇದ್ದರೆ ಆ ಆರು ತಿಂಗಳು ಮಗುವಿಗೆ ಉಳಿಯುತ್ತದೆ.